ಗೌಪ್ಯತಾ ನೀತಿ ಯಾರಿಗಾಗಿ?

ಆ್ಯಪ್ ಅಥವಾ ಜಾಲತಾಣವೊಂದು ಬಳಕೆದಾರರ ಯಾವ ಮಾಹಿತಿಯನ್ನು ಪಡೆಯುತ್ತದೆ, ಏತಕ್ಕೆ ಬಳಸುತ್ತದೆ, ಯಾರಿಗೆ ಕೊಡುತ್ತದೆ ಎಂಬುದನ್ನು ತಿಳಿಸುವ ಬರಹವೇ ಗೌಪ್ಯತಾ ನೀತಿ. ಅದನ್ನು ಬರೆಯುವವರು ವಕೀಲರು. ನಾಳೆ ವ್ಯಾಜ್ಯ ಎದ್ದರೆ ಕಂಪನಿ ಸಿಕ್ಕಿಬೀಳಬಾರದೆಂಬುದೇ ಅವರ ಮುಖ್ಯ ಕಾಳಜಿ. ಓದುಗರ ಗೊಡವೆ ಆಮೇಲಿನದು. ಒಬ್ಬರು ತಾವು ನೋಡುವ ತಾಣಗಳ ನೀತಿಗಳನ್ನೆಲ್ಲ ಓದಲು ವರ್ಷಕ್ಕೆ ಸುಮಾರು 200 ಗಂಟೆ ಬೇಕೆಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಲೆಕ್ಕ ಹಾಕಿದ್ದರು. ಆಗಿನ್ನೂ ಫೋನಿನ ತುಂಬ ಆ್ಯಪ್‌ಗಳಿರಲಿಲ್ಲ.

ಓದುವ ಕೆಲಸವನ್ನು ಯಂತ್ರಕ್ಕೇ ವಹಿಸುವ ಯತ್ನ ಅದಕ್ಕೂ ಹಳೆಯದು. 2002ರಲ್ಲಿ ಬಂದ ‘ಪಿ-ಥ್ರೀ-ಪಿ’ ಮಾನದಂಡದಂತೆ ತಾಣಗಳು ತಮ್ಮ ನೀತಿಯನ್ನು ಸಂಕೇತಗಳಲ್ಲಿ ಬರೆದಿಡಬೇಕಿತ್ತು. ಬಳಕೆದಾರರು ತಮಗೆ ಒಪ್ಪಿಗೆಯಾದದ್ದು, ಆಗದ್ದು ಯಾವುದೆಂದು ಬ್ರೌಸರಿಗೆ ಒಮ್ಮೆ ಹೇಳಿಟ್ಟರೆ ಅದು ಎರಡನ್ನೂ ತಾಳೆ ನೋಡುತ್ತಿತ್ತು. ಕಲ್ಪನೆಯೇನೋ ಸೊಗಸಾಗಿತ್ತು. ಆದರೆ 2010ರಲ್ಲಿ ಕಾರ್ನೆಗಿ ಮೆಲನ್‌ನ ಸಂಶೋಧಕಿ ಲಾರಿ ಕ್ರೇನರ್ ಅವರ ತಂಡ ಪರಿಶೀಲಿಸಿದಾಗ, ಇಂಥ ಸಂಕೇತ ಬಳಸಿದ ತಾಣಗಳಲ್ಲಿ ಮೂರನೇ ಒಂದರಷ್ಟು ಅದನ್ನು ತಪ್ಪಾಗಿ ಬರೆದಿದ್ದವು. ಏಕೆಂದು ಕೇಳುವವರಿರಲಿಲ್ಲ.

ತಿಂಡಿ ಪೊಟ್ಟಣದ ಮೇಲಿನ ಪೌಷ್ಟಿಕಾಂಶದ ಪಟ್ಟಿಯಂತೆ ಮಾಹಿತಿ ಬಳಕೆಗೂ ಒಂದು ಪಟ್ಟಿ ಇರಲಿ ಎಂದು ಇದೇ ತಂಡ 2009ರಲ್ಲಿ ಸೂಚಿಸಿತ್ತು. ಆ್ಯಪಲ್ ಕಂಪನಿ 2020ರ ಡಿಸೆಂಬರಿನಿಂದ ತನ್ನ ಆ್ಯಪ್ ಸ್ಟೋರಿನಲ್ಲಿ ಅಂಥದ್ದನ್ನು ಜಾರಿಗೆ ತಂದಿತು. ಪಟ್ಟಿ ತುಂಬುವವರು ಆ್ಯಪ್ ತಯಾರಕರೇ ಆದ್ದರಿಂದ ಹಳೆಯ ಕೊರತೆ ಇಲ್ಲಿಯೂ ಉಳಿದಿದೆ.

ನೀತಿ ಸರಳವಾದರೂ ಎಲ್ಲರಿಗೂ ಒಂದೇ ಬಗೆಯದಾದರೆ ಸಾಲದು. ಟ್ಯಾಕ್ಸಿ ಆ್ಯಪ್‌ಗೆ ತಾವಿರುವ ಜಾಗ ತಿಳಿಸಲು ಅಂಜದವರೂ ಟಾರ್ಚ್ ಆ್ಯಪ್ ಅದನ್ನೇ ಕೇಳಿದರೆ ಹುಬ್ಬೇರಿಸುತ್ತಾರೆ. ಇನ್ನು ಕೆಲವರಿಗೆ ಎರಡೂ ಒಂದೇ. ಬಳಕೆದಾರರ ಒಲವನ್ನು ಕೆಲವೇ ಪ್ರಶ್ನೆಗಳಿಂದ ಅಳೆದು, ಯಾವ ಆ್ಯಪ್‌ಗೆ ಯಾವ ಅನುಮತಿ ಕೊಡಬಹುದೆಂದು ಸೂಚಿಸುವ ಸಹಾಯಕ ತಂತ್ರಾಂಶವೊಂದನ್ನು ಕಾರ್ನೆಗಿ ಮೆಲನ್‌ನಲ್ಲಿ ರೂಪಿಸಲಾಯಿತು. 2016ರ ಪ್ರಯೋಗದಲ್ಲಿ ಬಳಕೆದಾರರು ಅದರ ಸಲಹೆಗಳಲ್ಲಿ ಶೇ. 78ಕ್ಕೂ ಹೆಚ್ಚನ್ನು ಒಪ್ಪಿಕೊಂಡರು. ಇದರಲ್ಲೊಂದು ತೊಡಕೂ ಇದೆ: ಒಬ್ಬರು ಏನನ್ನು ಮುಚ್ಚಿಡಲು ಬಯಸುತ್ತಾರೆಂಬುದೇ ಅವರ ಬಗ್ಗೆ ಬಹಳಷ್ಟು ಹೇಳಿಬಿಡುತ್ತದೆ. ಆದ್ದರಿಂದ ಅಂಥ ವಿವರ ಅವರ ಫೋನಿನಲ್ಲೇ ಇರಬೇಕು, ಕಂಪನಿಯ ಸರ್ವರಿಗೆ ಹೋಗಬಾರದು.

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಮಾತು ಸ್ಪಷ್ಟವೂ ಸರಳವೂ ಆಗಿರಬೇಕು. ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವಿರಬೇಕು. ಕನ್ನಡವೂ ಅದರಲ್ಲಿ ಸೇರಿದೆ. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವ ದಾರಿಯನ್ನೂ ಕಂಪನಿಯೇ ಒದಗಿಸಬೇಕು.