ಜಗಜ್ಜಾಹೀರಾದ ಮನೆ ವಿಳಾಸ



2020ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿರುದ್ಧ ಒಂದು ಆದೇಶ ಹೊರಡಿಸಿತು. ಸಾಕೇತ್ ಗೋಖಲೆ ಎಂಬ ಅರ್ಜಿದಾರರಿಗೆ ವೆಚ್ಚದ ರೂಪದಲ್ಲಿ 25,000 ರೂಪಾಯಿ ಕೊಡಬೇಕೆಂದಿತು. ಅವರು ಆಗ ಮಾಹಿತಿ ಹಕ್ಕಿನ ಕಾರ್ಯಕರ್ತರು, ಮುಂದೆ ರಾಜ್ಯಸಭೆಯ ಸದಸ್ಯರಾದರು. ಮಾಹಿತಿ ಕೇಳಿ ಅರ್ಜಿ ಹಾಕಿದಾಗ ಉತ್ತರ ಬರಲೆಂದು ಅವರು ಬರೆದುಕೊಟ್ಟ ಮನೆ ವಿಳಾಸ, ಫೋನ್ ನಂಬರು ಎರಡೂ ಸಚಿವಾಲಯದ ಜಾಲತಾಣದಲ್ಲಿ ಬಹಿರಂಗವಾಗಿದ್ದವು. ಅರ್ಜಿದಾರರ ಇಂಥ ವಿವರಗಳನ್ನು ಜಾಲತಾಣಕ್ಕೆ ಹಾಕಬಾರದೆಂದು ಕೇಂದ್ರದ ಸಿಬ್ಬಂದಿ ಇಲಾಖೆ 2016ರಲ್ಲೇ ಸೂಚಿಸಿತ್ತು. 2020ರಲ್ಲಿ ಒಂದು ವಿವಾದದ ವಿಷಯದಲ್ಲಿ ಗೋಖಲೆ ನ್ಯಾಯಾಲಯಕ್ಕೆ ಹೋದಾಗ ಬೆದರಿಕೆ ಕರೆಗಳು ಬಂದವು, ಮನೆ ಮುಂದೆ ಜನ ಸೇರಿ ಕೂಗಾಡಿದರೆಂದು ಅವರು ದೂರಿದರು.

ಹೆಸರಾದವರ ಪಾಡು ಹೀಗೆ, ನಮ್ಮಂಥವರನ್ನು ಯಾರು ಹುಡುಕುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಆದರೆ ಮುಂಬಯಿಯಲ್ಲಿ ಒಂದು ಸೂರು ಹಿಡಿದವರೆಲ್ಲರ ವಿಳಾಸವೂ ಎಲ್ಲೋ ಒಂದು ಕಡೆ ತೆರೆದೇ ಇದೆ.

ಇಲ್ಲಿ ಫ್ಲಾಟು ಕೊಂಡರೆ ನೋಂದಣಿ ಆಗಬೇಕು. ಬಾಡಿಗೆಗೆ ಹಿಡಿದರೂ 'ಲೀವ್ ಅಂಡ್ ಲೈಸೆನ್ಸ್' ಕರಾರನ್ನು ನೋಂದಾಯಿಸಲೇಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಅದನ್ನು ಕಡ್ಡಾಯ ಮಾಡಿದೆ. ನೋಂದಣಿ ಮುಗಿದೊಡನೆ 'ಇಂಡೆಕ್ಸ್ ಟೂ' ಎಂಬ ಒಂದು ಪುಟ ತಯಾರಾಗುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಅವರ ವಯಸ್ಸೆಷ್ಟು, ವಿಳಾಸ ಯಾವುದು, ಫ್ಲಾಟು ಎಷ್ಟನೇ ಮಹಡಿಯಲ್ಲಿದೆ, ಎಷ್ಟು ಹಣಕ್ಕೆ ವ್ಯವಹಾರವಾಯಿತು, ಎಲ್ಲವೂ ಅದರಲ್ಲಿರುತ್ತದೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಾಲತಾಣದಲ್ಲಿ ಪ್ರದೇಶ, ಜಾಗದ ನಂಬರು, ವರ್ಷ ಹಾಕಿ ಹುಡುಕಿದರೆ ಆ ಪುಟ ಕಣ್ಣಮುಂದೆ ಬರುತ್ತದೆ. ಬಾಂದ್ರಾದಲ್ಲೋ ಜುಹೂದಲ್ಲೋ ಯಾವ ನಟ ಎಷ್ಟು ಕೋಟಿಗೆ ಮನೆ ಕೊಂಡ ಎಂದು ಪತ್ರಿಕೆಗಳು ಬರೆಯುವುದು ಇಂಥ ದಾಖಲೆ ನೋಡಿಯೇ. ನಟನಿಗೆ ಕಾವಲುಗಾರರಿದ್ದಾರೆ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು, ಮುಲುಂಡಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದ ಹೆಣ್ಣುಮಗಳಿಗೆ ಯಾರಿದ್ದಾರೆ?

ದಾಖಲೆ ತೆರೆದಿರಬೇಕಾದ್ದಕ್ಕೆ ಬಲವಾದ ಕಾರಣವಿದೆ, ಅದನ್ನು ಅಲ್ಲಗಳೆಯಲಾರೆ. ಒಂದೇ ಫ್ಲಾಟನ್ನು ಇಬ್ಬರಿಗೆ ಮಾರುವ ಮೋಸಗಾರರಿರುವ ಊರಿನಲ್ಲಿ, ಜೀವಮಾನದ ಉಳಿತಾಯ ಸುರಿಯುವ ಮೊದಲು ಹಿಂದಿನ ವ್ಯವಹಾರವನ್ನು ಪರೀಕ್ಷಿಸುವ ದಾರಿ ಕೊಳ್ಳುವವರಿಗೆ ಬೇಕೇಬೇಕು. 1908ರ ನೋಂದಣಿ ಕಾಯ್ದೆಯೇ ನೋಂದಣಿಯ ಪುಸ್ತಕಗಳನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದೆಂದು ಹೇಳಿದೆ. ಆದರೆ ಆ ಕಾಲದಲ್ಲಿ ನೋಡಬೇಕೆಂದರೆ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ, ಅರ್ಜಿ ಬರೆದು, ಗುಮಾಸ್ತರೆದುರು ನಿಲ್ಲಬೇಕಿತ್ತು. ಯಾರು ಬಂದರು, ಏನು ಕೇಳಿದರು ಎಂಬುದಕ್ಕೆ ಒಂದು ಗುರುತು ಉಳಿಯುತ್ತಿತ್ತು. ಈಗ ಹುಡುಕುವವನು ಯಾವ ಊರಿನಲ್ಲಿ ಕೂತಿದ್ದಾನೆಂಬುದೇ ಮನೆಯವರಿಗೆ ತಿಳಿಯದು. ಕಾಯ್ದೆ ಅದೇ ಇದ್ದರೂ ಅದರ ಪರಿಣಾಮ ಪೂರ್ತಿ ಬದಲಾಗಿದೆ.

ಮತದಾರರ ಪಟ್ಟಿಯ ಕಥೆಯೂ ಇದೇ. ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳ 36 ವಿಧಾನಸಭಾ ಕ್ಷೇತ್ರಗಳ ಪಟ್ಟಿಗಳಲ್ಲಿ ಮತದಾರರ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರು ಇರುತ್ತವೆ. ಚುನಾವಣಾ ಆಯೋಗ ಇಲ್ಲಿ ಸ್ವಲ್ಪ ಎಚ್ಚರ ವಹಿಸಿದೆ. ಜಾಲತಾಣಕ್ಕೆ ಹಾಕುವ ಪ್ರತಿಯಲ್ಲಿ ಭಾವಚಿತ್ರ ಇರುವುದಿಲ್ಲ. 2018ರಿಂದ ಪಟ್ಟಿಯನ್ನು ಚಿತ್ರದ ರೂಪದಲ್ಲಿ ಹಾಕುತ್ತಿದೆ, ಹಾಗಾಗಿ ಒಂದು ಹೆಸರು ಟೈಪಿಸಿ ಥಟ್ಟನೆ ಹುಡುಕುವುದು ಕಷ್ಟ. ಇದನ್ನು ಪ್ರಶ್ನಿಸಿ ಕಾಂಗ್ರೆಸ್ ನಾಯಕ ಕಮಲ್‌ನಾಥ್ ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ಕೋರ್ಟು ಅವರ ಬೇಡಿಕೆಯನ್ನು ಒಪ್ಪಲಿಲ್ಲ. ನಕಲಿ ಮತದಾರರನ್ನು ಪತ್ತೆ ಮಾಡಲು ಹುಡುಕಬಲ್ಲ ಪಟ್ಟಿ ಬೇಕು ಎನ್ನುವವರ ಮಾತಿನಲ್ಲೂ ಹುರುಳಿದೆ. ಇದು ಸುಲಭಕ್ಕೆ ತೀರುವ ಜಗಳವಲ್ಲ.

ಮನೆಯಿಂದಲೇ ಸಣ್ಣ ವ್ಯಾಪಾರ ಮಾಡುವವರು ಜಿಎಸ್‌ಟಿ ನಂಬರು ಪಡೆದರೆ, ವ್ಯವಹಾರದ ಸ್ಥಳವೆಂದು ಮನೆ ವಿಳಾಸವೇ ಜಿಎಸ್‌ಟಿ ಜಾಲತಾಣದಲ್ಲಿ ಕಾಣುತ್ತದೆ.

ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಭಯಪಡುವಂಥದ್ದು ಹೆಚ್ಚಿಲ್ಲ. ಅಂಚೆಯವನಿಗೆ, ಹಾಲಿನವನಿಗೆ, ಸೊಸೈಟಿಯ ವಾಚ್‌ಮನ್‌ಗೆ ನಮ್ಮ ವಿಳಾಸ ಯಾವತ್ತೂ ಗೊತ್ತಿತ್ತು. ಒಂದು ಕಡೆಯ ಹೆಸರು, ಇನ್ನೊಂದು ಕಡೆಯ ವಯಸ್ಸು, ಮತ್ತೊಂದು ಕಡೆಯ ಫೋನ್ ನಂಬರು ಜೋಡಿಯಾದಾಗ ಅಪಾಯ ಹುಟ್ಟುತ್ತದೆ. 'ಡಿಜಿಟಲ್ ಅರೆಸ್ಟ್' ಹೆಸರಿನಲ್ಲಿ ಪೊಲೀಸರಂತೆ ನಟಿಸಿ ಹಣ ದೋಚುವವರು ಮೊದಲು ಮಾಡುವ ಕೆಲಸವೇ ನಮ್ಮ ವಿವರಗಳನ್ನು ಕಲೆಹಾಕುವುದು. ಫೋನಿನಲ್ಲಿ ನಮ್ಮ ಹೆಸರು, ಕಟ್ಟಡ, ಫ್ಲಾಟು ನಂಬರು ಸರಿಯಾಗಿ ಹೇಳಿಬಿಟ್ಟರೆ, ಒಂಟಿಯಾಗಿರುವ ಹಿರಿಯರು ಅರ್ಧ ಸೋತಂತೆಯೇ. ವಿಳಾಸ ಸರಿ ಹೇಳಿದ ಮಾತ್ರಕ್ಕೆ ಆತ ಪೊಲೀಸನಲ್ಲ ಎಂದು ನಿಮ್ಮ ಮನೆಯ ಹಿರಿಯರಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಾನೂನು ಏನು ಹೇಳುತ್ತದೆ? ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಕೋರ್ಟು ಮೆಟ್ಟಿಲು ಹತ್ತಿದರು. ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಅದರ ಮೂರನೇ ಕಲಮಿನಲ್ಲೇ ಒಂದು ವಿನಾಯಿತಿ ಇದೆ. ನಾವಾಗಿ ಬಹಿರಂಗಪಡಿಸಿದ ಮಾಹಿತಿಗೂ, ಕಾನೂನಿನ ಕಟ್ಟುಪಾಡಿನಂತೆ ಬಹಿರಂಗವಾದ ಮಾಹಿತಿಗೂ ಈ ಕಾಯ್ದೆ ಅನ್ವಯಿಸುವುದಿಲ್ಲ. ನಾನು ಇಲ್ಲಿಯವರೆಗೆ ಹೇಳಿದ ಆಸ್ತಿ ದಾಖಲೆ, ಮತದಾರರ ಪಟ್ಟಿ ಎಲ್ಲವೂ ಈ ಕಿಂಡಿಯಲ್ಲೇ ಹೊರಗೆ ಜಾರುತ್ತವೆ. ಇದು ಕಾಯ್ದೆಯ ದೊಡ್ಡ ಕೊರತೆ.

ಹಾಗೆಂದು ದಾಖಲೆಗಳನ್ನೆಲ್ಲ ಬೀಗ ಹಾಕಿ ಇಡಬೇಕಿಲ್ಲ. ಮುಂಬಯಿಯ ಡಬ್ಬಾವಾಲರನ್ನು ನೋಡಿ. ಡಬ್ಬಿಯ ಮೇಲೆ ಗಿರಾಕಿಯ ಹೆಸರಿಲ್ಲ, ಪೂರ್ತಿ ವಿಳಾಸವೂ ಇಲ್ಲ. ಬಣ್ಣದಲ್ಲಿ ಬರೆದ ಕೆಲವು ಅಕ್ಷರ, ಅಂಕಿಗಳಷ್ಟೆ. ಕೈಯಿಂದ ಕೈಗೆ ದಾಟುವಾಗ ಪ್ರತಿಯೊಬ್ಬನಿಗೂ ತನ್ನ ಕೆಲಸಕ್ಕೆ ಬೇಕಾದಷ್ಟು ತಿಳಿಯುತ್ತದೆ, ಊಟ ಹೊತ್ತಿಗೆ ಸರಿಯಾಗಿ ತಲುಪುತ್ತದೆ. ದಾಖಲೆಗಳಲ್ಲೂ ಹಾಗೆಯೇ, ಆಸ್ತಿ ಯಾರದು, ಸಾಲ ಇದೆಯೇ ಎಂಬುದು ಕೊಳ್ಳುವವರಿಗೆ ಕಾಣಲಿ. ಬಾಡಿಗೆದಾರರ ಹೆಸರು, ವಯಸ್ಸು ದಾರಿಹೋಕರಿಗೆ ಏಕೆ ಕಾಣಬೇಕು? ಬ್ರಿಟನ್ನಿನಲ್ಲಿ ಮತದಾರರ ಪಟ್ಟಿಗೆ 2002ರಿಂದ ಎರಡು ರೂಪಗಳಿವೆ. ಪೂರ್ಣ ಪಟ್ಟಿ ಚುನಾವಣೆಯಂಥ ಗೊತ್ತಾದ ಕೆಲಸಗಳಿಗೆ ಮಾತ್ರ. ಯಾರು ಬೇಕಾದರೂ ಕೊಳ್ಳಬಹುದಾದ ಇನ್ನೊಂದು ಪಟ್ಟಿಯಿಂದ ತನ್ನ ಹೆಸರನ್ನು ತೆಗೆಸುವ ಹಕ್ಕು ಮತದಾರನಿಗಿದೆ. ಇಂಥದ್ದನ್ನು ಇಲ್ಲೂ ಮಾಡಬಹುದು, ಮಾಡಬೇಕು.

ಕಡೆಯದಾಗಿ ನಮ್ಮವರಲ್ಲಿ ಒಂದು ವಿನಂತಿ. ಮುಂಬಯಿಯ ಕನ್ನಡ ಸಂಘಗಳು, ಜಾತಿ ಸಮಾಜಗಳು ಸದಸ್ಯರ ಡೈರೆಕ್ಟರಿ ಅಚ್ಚು ಹಾಕಿಸುವುದು ಹಳೆಯ ರೂಢಿ. ಊರು ಬಿಟ್ಟು ಬಂದವರು ಒಬ್ಬರನ್ನೊಬ್ಬರು ಕಂಡುಕೊಳ್ಳಲು ಆ ಪುಸ್ತಕಗಳು ಎಷ್ಟೋ ನೆರವಾಗಿವೆ. ಅದೇ ಪುಸ್ತಕ ಪಿಡಿಎಫ್ ಆಗಿ ಜಾಲತಾಣಕ್ಕೋ ವಾಟ್ಸಾಪ್ ಗುಂಪಿಗೋ ಹೋದರೆ ಅದನ್ನು ಹಿಂದಕ್ಕೆ ತರಲಾಗದು. ಪದಾಧಿಕಾರಿಗಳೇ, ಡೈರೆಕ್ಟರಿಯನ್ನು ಸದಸ್ಯರ ಕೈಗೆ ಮಾತ್ರ ಕೊಡಿ. ಮುದ್ರಿಸುವ ಮೊದಲು ಪ್ರತಿ ಮನೆಯವರ ಒಪ್ಪಿಗೆ ಕೇಳಿ, ಬೇಡ ಎಂದವರ ವಿಳಾಸವನ್ನು ಬಿಟ್ಟುಬಿಡಿ.