ಸುಂಕದ ಕಟ್ಟೆಯವನು ಬರೆದ ಕಾಡು

ತೆರೆಯ ಮೇಲೆ ಈಗ ಮೂಡಿರುವ ಚಿತ್ರವನ್ನು ಒಂದು ಗಳಿಗೆಯ ಮಟ್ಟಿಗೆ ನನ್ನ ಮಾತಿನ ಹಂಗಿಲ್ಲದೆ ನೋಡಿರಿ. ಬಿರುಗಾಳಿಗೆ ಬಾಗಿದ ಮರಗಳು, ಕಪ್ಪಡರಿದ ಗಗನವನ್ನು ಸೀಳುವ ಮಿಂಚು, ಎತ್ತರವಾಗಿ ಬೆಳೆದ ಹುಲ್ಲಿನ ನಡುವೆ ಹಲ್ಲು ಕಿಸಿದು, ಕಣ್ಣರಳಿಸಿ, ಬೆನ್ನು ಬಾಗಿಸಿ ನಿಂತಿರುವ ಒಂದು ಹುಲಿ. ಅದು ಬೇಟೆಯ ಮೇಲೆ ಎರಗಲು ಹವಣಿಸುತ್ತಿದೆಯೋ, ಸಿಡಿಲಿಗೆ ತಾನೇ ಬೆಚ್ಚಿದೆಯೋ ಎಂಬುದು ನೋಡುವವರ ಭಾವಕ್ಕೆ ಬಿಟ್ಟ ವಿಚಾರ. ಇನ್ನಷ್ಟು ಸಮೀಪಕ್ಕೆ ಹೋಗೋಣ. ಮಳೆಯನ್ನು ತೋರಿಸಲು ಈ ಚಿತ್ರಕಾರನು ಹನಿಗಳನ್ನು ಬರೆದಿಲ್ಲ; ಚಿತ್ರವೆಲ್ಲ ಮುಗಿದ ಮೇಲೆ ಅದರ ಉದ್ದಗಲಕ್ಕೂ ಬೆಳ್ಳಿಬೂದು ಬಣ್ಣದ ಅತಿ ತೆಳುವಾದ ಗೆರೆಗಳನ್ನು ಓರೆಯಾಗಿ ಎಳೆದುಬಿಟ್ಟಿದ್ದಾನೆ. ಎಲೆಯ ಮೇಲೂ ಹುಲಿಯ ಮೇಲೂ ಆಕಾಶದ ಮೇಲೂ ಯಾವ ಪಕ್ಷಪಾತವೂ ಇಲ್ಲದೆ ಆ ಗೆರೆಗಳು ಹಾದುಹೋಗುತ್ತವೆ. 1891ರಲ್ಲಿ ರಚಿತವಾದ ಈ ಚಿತ್ರವು ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಇದನ್ನು ಬರೆದಾತನು ಫ್ರಾನ್ಸ್ ದೇಶವನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಆಚೆಗೆ ಇಟ್ಟವನಲ್ಲ. ಈ ಸಂಗತಿ ನನ್ನ ತಲೆಯನ್ನು ಹೊಕ್ಕ ದಿನದಿಂದ ನನಗೆ ಬೇರೊಂದು ಮಾತೇ ರುಚಿಸದಂತಾಗಿದೆ. ಇಪ್ಪತ್ತಕ್ಕೂ ಮಿಕ್ಕಿ ಕಾಡಿನ ಚಿತ್ರಗಳನ್ನು ರಚಿಸಿದವನು, ಸಿಂಹ, ವಾನರ, ಸರ್ಪ, ಮಹಿಷಗಳನ್ನು ಆಳೆತ್ತರದ ಪರ್ಣರಾಶಿಯ ನಡುವೆ ನಿಲ್ಲಿಸಿದವನು, ಉಷ್ಣವಲಯದ ಒಂದು ಮರವನ್ನೂ ಅದರ ತವರಿನ ಮಣ್ಣಿನಲ್ಲಿ ಕಂಡವನಲ್ಲ. ಹೆಸರು ಆನ್ರಿ ರೂಸೋ. ತತ್ತ್ವಜ್ಞಾನಿಯಾದ ರೂಸೋ ಬೇರೆ. ಆ ಮಹನೀಯನು ಇವನಿಗಿಂತ ಒಂದು ಶತಮಾನ ಹಿಂದಿನವನು, ಇಂದಿನ ನಮ್ಮ ಗೋಷ್ಠಿಗೆ ಅವನ ಆವಶ್ಯಕತೆಯಿಲ್ಲ. ನಮ್ಮ ರೂಸೋ ವಾಯವ್ಯ ಫ್ರಾನ್ಸಿನ ಲವಾಲ್ ಎಂಬ ಊರಿನ ತಗಡು ಕೆಲಸಗಾರನ ಮಗ, ಹುಟ್ಟಿದ್ದು 1844ರಲ್ಲಿ. ಉಳಿದ ತೇದಿಗಳನ್ನು ಬೇಕಾದವರು ತಾವೇ ಹುಡುಕಿಕೊಳ್ಳಬಹುದು.

ಆತನ ವೃತ್ತಿಯನ್ನು ಕೇಳಿದರೆ ನಮ್ಮ ಸಾಂಗಲಿ–ಮೀರಜದವರಿಗೆ ನಗು ಬಾರದಿರದು: ಜಕಾತಿ ನಾಕೆಯ ಗುಮಾಸ್ತ! ಪ್ಯಾರಿಸ್ ನಗರದ ಹೆಬ್ಬಾಗಿಲುಗಳಲ್ಲಿಯೂ ನದೀತೀರದ ಕಟ್ಟೆಗಳಲ್ಲಿಯೂ ಕುಳಿತು, ಒಳಗೆ ಬರುವ ಮದ್ಯಕ್ಕೆ, ಮಾಂಸಕ್ಕೆ, ಎಣ್ಣೆಗೆ ಪುರಸಭೆಯ ಸುಂಕವನ್ನು ವಸೂಲು ಮಾಡುವುದು ಆತನ ಇಪ್ಪತ್ತೆರಡು ವರ್ಷಗಳ ಕಾಯಕ. ಅರಿಸಿನದ ಮೂಟೆಗಳನ್ನೂ ಬೆಲ್ಲದ ಪೆಂಟೆಗಳನ್ನೂ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನೂ ಹೊತ್ತ ಲಾರಿಗಳು ನಾಕೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲವನ್ನು ಕಂಡವರು ನಮ್ಮ ನಡುವೆ ಬಹುಮಂದಿ ಇದ್ದಾರೆ. ಜಕಾತಿಯು ಇಲ್ಲಿಂದ ತೊಲಗಿದ್ದು ನಿನ್ನೆ ಮೊನ್ನೆಯ ಮಾತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರಷ್ಟೆ. ಆ ಸುಂಕದವನಿಗೇ ಒಂದು ಸುಖದುಃಖವಿರಬಹುದು, ರಸೀದಿ ಹರಿಯುತ್ತ ಕುಳಿತವನ ಮನಸ್ಸಿನಲ್ಲಿ ಒಂದು ಅರಣ್ಯ ಬೆಳೆಯುತ್ತಿರಬಹುದು ಎಂಬ ಶಂಕೆಯು ಗಾದೆ ಕಟ್ಟಿದವರಿಗೆ ಬಂದಂತಿಲ್ಲ. ರೂಸೋವಿನ ಸ್ನೇಹಿತರು ಅವನನ್ನು ದೇಶದ ಗಡಿಯಲ್ಲಿ ಕೂರುವ ಕಸ್ಟಮ್ಸ್ ಅಧಿಕಾರಿಯೆಂದೇ ವಿನೋದಕ್ಕೆ ಕರೆದರು. ಸರಕಾರವು ಎಂದೂ ಕೊಡದ ಆ ಬಡ್ತಿಯನ್ನು ಗೆಳೆಯರ ಪರಿಹಾಸ್ಯವು ಕೊಟ್ಟಿತು. ಆತನು ಅದನ್ನು ಯಾವ ಸಂಕೋಚವೂ ಇಲ್ಲದೆ ಸ್ವೀಕರಿಸಿದನು.

ಹಾಗಾದರೆ ಈ ಕಾಡು ಬಂದದ್ದೆಲ್ಲಿಂದ? ಪ್ಯಾರಿಸಿನಲ್ಲಿ ಸಸ್ಯೋದ್ಯಾನವೊಂದಿದೆ, ಅಲ್ಲಿ ಗಾಜಿನ ಮನೆಗಳು, ಅವುಗಳೊಳಗೆ ಕೃತಕವಾದ ಸೆಕೆಯಲ್ಲಿ ಬೆಳೆಸಿದ ಪರದೇಶದ ಗಿಡಗಳು, ಬಳಿಯಲ್ಲೇ ಪ್ರಾಣಿಸಂಗ್ರಹಾಲಯ, ಹುಲ್ಲು ತುಂಬಿದ ಮೃಗಗಳನ್ನಿಟ್ಟ ವಸ್ತುಸಂಗ್ರಹಾಲಯ. ನಮ್ಮ ಗುಮಾಸ್ತನ ಅರಣ್ಯಯಾತ್ರೆಯೆಲ್ಲವೂ ಇಷ್ಟೇ. ಅಂಗಡಿಯವರು ಮಾರುತ್ತಿದ್ದ, ಕಾಡುಮೃಗಗಳ ಭಾವಚಿತ್ರಗಳಿದ್ದ ಒಂದು ಆಲ್ಬಮ್ಮೂ ಆತನ ಬಳಿ ಇತ್ತು. 1905ರ ಶರತ್ಕಾಲದ ಪ್ರದರ್ಶನದಲ್ಲಿ ಆತನು ತೂಗುಹಾಕಿದ, ಜಿಂಕೆಯ ಕೊರಳಿಗೆ ಬಾಯಿ ಹಾಕಿದ ಹಸಿದ ಸಿಂಹದ ವಿಶಾಲವಾದ ಚಿತ್ರಕ್ಕೆ ಮೂಲವು ಆ ಸಂಗ್ರಹಾಲಯದ ಗಾಜಿನ ಹಿಂದೆ ನಿಲ್ಲಿಸಿದ್ದ ಹುಲ್ಲು ತುಂಬಿದ ಸಿಂಹವೂ ಹುಲ್ಲು ತುಂಬಿದ ಜಿಂಕೆಯೂ ಆಗಿದ್ದವು. ಸತ್ತ ಸಿಂಹವನ್ನು ನೋಡಿ ಬರೆದದ್ದರಿಂದಲೇ ಆ ಕ್ರೌರ್ಯದಲ್ಲಿ ಅಂಥ ಒಂದು ಶಾಂತಿಯಿದೆಯೆಂದು ನನ್ನ ಎಣಿಕೆ, ಒಪ್ಪದವರು ಒಪ್ಪದಿರಲಿ.

ತಪ್ಪುಗಳಾಗಲಿಲ್ಲವೇ ಎಂದರೆ, ಆದವು, ಮತ್ತು ಅವು ಬಲು ಸೊಗಸಾದವು. 1908ರಲ್ಲಿ ಆತನು ಬರೆದ ಹುಲಿ–ಎಮ್ಮೆಗಳ ಕಾಳಗವನ್ನು ನೋಡಿರಿ; ಇದು ಈಗ ಅಮೆರಿಕೆಯ ಕ್ಲೀವ್‌ಲೆಂಡ್ ನಗರದಲ್ಲಿದೆ. ಹುಲಿಯನ್ನೂ ಎಮ್ಮೆಯನ್ನೂ ಬಿಟ್ಟು ಬಾಳೆಯ ಗೊನೆಗಳನ್ನು ಗಮನಿಸಿರಿ. ತಲೆಕೆಳಗು! ಬಾಳೆಯ ಕಾಯಿಗಳು ಗೊನೆಯಲ್ಲಿ ಮೇಲ್ಮುಖವಾಗಿ ಬಾಗುತ್ತವೆಂಬುದು ಕೃಷ್ಣೆಯ ದಂಡೆಯ ಯಾವ ಹುಡುಗನಿಗೂ ಗೊತ್ತು. ಕಾಡನ್ನು ನಿಜವಾಗಿ ನೋಡಿದ ಯಾವನೋ ಒಬ್ಬ ನಿಪುಣನು ಬಾಳೆಯನ್ನು ಸರಿಯಾಗಿ ಬರೆದು ಚಿತ್ರವನ್ನು ಕೆಡಿಸುತ್ತಿದ್ದನು. ಕುಂಡದ ಗಿಡದ ಎಲೆಯನ್ನು ಮರದಷ್ಟು ಎತ್ತರಕ್ಕೆ ಬೆಳೆಸುವ ಧೈರ್ಯವು ನೋಡದವನಿಗೇ ಮೀಸಲು.

ಜನರು ಮಾತ್ರ ಈ ಮಾತನ್ನು ನಂಬಲು ಸಿದ್ಧರಿರಲಿಲ್ಲ. ಕಾಣದೆ ಬರೆಯಲು ಸಾಧ್ಯವೇ? ಆದುದರಿಂದ ಒಂದು ಕಥೆಯು ಹುಟ್ಟಿಕೊಂಡಿತು: ರೂಸೋ ಯೌವನದಲ್ಲಿ ಸೈನಿಕನಾಗಿ ಮೆಕ್ಸಿಕೋ ದೇಶದ ಯುದ್ಧಕ್ಕೆ ಹೋಗಿದ್ದನು, ಅಲ್ಲಿಯ ಅರಣ್ಯಗಳೇ ಈ ಚಿತ್ರಗಳಲ್ಲಿರುವುದು. ಆತನು ಸೈನ್ಯದಲ್ಲಿದ್ದುದು ನಿಜ. ಆದರೆ ಸೇರಿದ ಕಾರಣ ಅಷ್ಟು ವೀರೋಚಿತವಾದುದಲ್ಲ. ವಕೀಲನೊಬ್ಬನ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಸ್ವಲ್ಪ ಹಣವನ್ನೂ ಅಂಚೆಚೀಟಿಗಳನ್ನೂ ಕದ್ದು ಸಿಕ್ಕಿಬಿದ್ದು, ಅದರ ಪರಿಣಾಮದಿಂದ ಪಾರಾಗಲು ಸೈನ್ಯದ ಮರೆ ಹೊಕ್ಕದ್ದು. ಮೆಕ್ಸಿಕೋಗೆ ಹೋಗಿಬಂದ ಸಿಪಾಯಿಗಳ ಮಾತುಗಳನ್ನು ಕೇಳಿದ್ದನಷ್ಟೆ. ಆ ಕಥೆಗೆ ರೆಕ್ಕೆ ಕಟ್ಟಿ ಹಾರಿಸಿದವನು ಕವಿ ಅಪೊಲಿನೇರ್. ರೂಸೋ ಅದನ್ನು ಅಲ್ಲಗಳೆಯಲಿಲ್ಲ. ಕವಿಯೇ ಹೇಳುವಾಗ ಗುಮಾಸ್ತನೇಕೆ ಬೇಡವೆಂದಾನು?

ಈಗ ಒಂದು ಔತಣದ ಕಥೆಗೆ ಬರುತ್ತೇನೆ. ಕ್ರಮವಾಗಿ ಹೇಳುವುದಾದರೆ ಇದಕ್ಕಿಂತ ಮುಂಚೆ ಇನ್ನೂ ಹತ್ತು ಸಂಗತಿಗಳು ಬರಬೇಕು. ಆದರೆ ಅಷ್ಟು ಸಂಯಮ ನನ್ನಲ್ಲಿಲ್ಲ. ಪ್ಯಾರಿಸಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಯುವಕ ಪಿಕಾಸೊವಿಗೆ ರೂಸೋ ಬರೆದ ಒಬ್ಬ ಸ್ತ್ರೀಯ ದೊಡ್ಡ ಚಿತ್ರವು ಕಣ್ಣಿಗೆ ಬಿತ್ತು. ಬೆಲೆ ಐದು ಫ್ರಾಂಕು. ಅಂಗಡಿಯವನು, ಬಟ್ಟೆ ಚೆನ್ನಾಗಿದೆ, ಮೇಲೆ ಬೇರೆ ಚಿತ್ರ ಬರೆದುಕೊಳ್ಳಬಹುದು ಎಂದು ಸಮಾಧಾನವನ್ನೂ ಹೇಳಿದನಂತೆ. ಪಿಕಾಸೊ ಬರೆಯಲಿಲ್ಲ, ಆ ಚಿತ್ರವನ್ನು ಸಾಯುವವರೆಗೂ ತನ್ನ ಬಳಿಯೇ ಇಟ್ಟುಕೊಂಡನು. 1908ರ ನವೆಂಬರಿನಲ್ಲಿ ತನ್ನ ಮುರುಕಲು ಕಾರ್ಯಾಗಾರದಲ್ಲಿ ರೂಸೋವಿನ ಗೌರವಾರ್ಥವಾಗಿ ಔತಣವನ್ನು ಏರ್ಪಡಿಸಿದನು. ಅಪೊಲಿನೇರ್ ಬಂದನು, ಚಿತ್ರಕಾರ ಬ್ರಾಕ್ ಬಂದನು, ಚಿತ್ರಕಾರ್ತಿ ಮಾರಿ ಲೊರಾಂಸೆ ಬಂದಳು, ಅಮೆರಿಕೆಯ ಲೇಖಕಿ ಗರ್ಟ್ರೂಡ್ ಸ್ಟೈನ್ ಬಂದಳು. ಎಲ್ಲರೂ ಬಂದರು, ಊಟವೊಂದು ಮಾತ್ರ ಬರಲಿಲ್ಲ. ಅಡುಗೆಯವರಿಗೆ ಪಿಕಾಸೊ ತಪ್ಪು ದಿನವನ್ನು ಹೇಳಿಬಿಟ್ಟಿದ್ದನು! ಇಪ್ಪತ್ತನೆಯ ಶತಮಾನದ ಚಿತ್ರಕಲೆಯ ದಿಕ್ಕನ್ನೇ ತಿರುಗಿಸಿದ ಬುದ್ಧಿಗೆ ಇಂದು ನಾಳೆಗಳ ವ್ಯತ್ಯಾಸವು ತಿಳಿಯಲಿಲ್ಲ. ಆತನ ಗೆಳತಿ ಫೆರ್ನಾಂಡ್ ಮಾಡಿದ್ದ ಸ್ಪೇನ್ ದೇಶದ ಅನ್ನವೇ ಮಾನ ಉಳಿಸಿತು.

ರೂಸೋ ತನ್ನ ಪಿಟೀಲನ್ನು ಹಿಡಿದು ಬಂದನು. ಪೆಟ್ಟಿಗೆಯ ಮೇಲೆ ಕುರ್ಚಿಯನ್ನಿಟ್ಟು ಬಾವುಟಗಳಿಂದಲೂ ದೀಪಗಳಿಂದಲೂ ಅಲಂಕರಿಸಿದ ಸಿಂಹಾಸನದ ಮೇಲೆ ಅರುವತ್ತನಾಲ್ಕು ವರ್ಷ ವಯಸ್ಸಿನ ಆ ವೃದ್ಧನನ್ನು ಕುಳ್ಳಿರಿಸಿದರು. ತಲೆಯ ಮೇಲೆ ತೂಗುತ್ತಿದ್ದ ಕಾಗದದ ದೀಪದಿಂದ ಮೇಣವು ತೊಟ್ಟು ತೊಟ್ಟಾಗಿ ನೆತ್ತಿಗೆ ಬೀಳತೊಡಗಿತು. ಆತನು ಅಲುಗಾಡಲಿಲ್ಲ, ಸನ್ಮಾನದ ಸಂತೋಷದಲ್ಲಿ ಮುಳುಗಿದ್ದವನು ಮೇಣವು ಒಂದು ಪುಟ್ಟ ಗೋಪುರವಾಗಿ ಬೆಳೆಯುವವರೆಗೂ ಹಾಗೆಯೇ ಕುಳಿತಿದ್ದನೆಂದು ಪ್ರತ್ಯಕ್ಷದರ್ಶಿಗಳು ಹೇಳಿದ್ದಾರೆ. ಅಪೊಲಿನೇರ್ ಎದ್ದು ಪದ್ಯ ಓದಿದನು. ಅದರಲ್ಲಿ ಮತ್ತೆ ಆ ಮೆಕ್ಸಿಕೋ! ಕೊನೆಗೆ ರೂಸೋ ಪಿಕಾಸೊವಿನ ಕಿವಿಯಲ್ಲಿ, ಈ ಯುಗದ ಮಹಾಚಿತ್ರಕಾರರು ನಾವಿಬ್ಬರೇ, ನೀನು ಈಜಿಪ್ಟಿನ ಶೈಲಿಯಲ್ಲಿ, ನಾನು ಆಧುನಿಕ ಶೈಲಿಯಲ್ಲಿ ಎಂಬರ್ಥದ ಮಾತನ್ನು ಹೇಳಿದನೆಂದು ಪ್ರತೀತಿ. ಈ ಔತಣವು ಸನ್ಮಾನವೋ ಅಪಹಾಸ್ಯವೋ ಎಂದು ಅಂದಿನಿಂದ ಇಂದಿನವರೆಗೆ ಜಗಳ ನಡೆದಿದೆ. ಅಪಹಾಸ್ಯವಾಗಿ ಮೊದಲಾಗಿ, ಮೇಣ ಸುರಿಯುತ್ತಿದ್ದರೂ ಕದಲದ ಆ ಮುಖವನ್ನು ಕಂಡ ಮೇಲೆ, ನಗಲು ಬಂದವರಿಗೇ ತಮ್ಮ ನಗುವಿನ ಮೇಲೆ ನಂಬಿಕೆ ತಪ್ಪಿತೆಂದು ನಾನು ತಿಳಿದಿದ್ದೇನೆ.

ಇಷ್ಟರಲ್ಲಿ ನಮ್ಮ ದೇಶವು ಈ ಕಥೆಯೊಳಗೆ ಇಣುಕಿ ಹೋಗಿದೆ. 1907ರಲ್ಲಿ, ರೂಸೋವಿನ ಕಿರಿಯ ಮಿತ್ರನೂ ಚಿತ್ರಕಾರನೂ ಆದ ರೊಬೇರ್ ದೆಲೋನೆ ಎಂಬವನ ತಾಯಿಯು, ಹಿಂದೂಸ್ಥಾನದ ಪ್ರವಾಸದ ನೆನಪುಗಳನ್ನು ಹೊತ್ತಿದ್ದವಳು, ರೂಸೋವಿನಿಂದ ಒಂದು ಚಿತ್ರವನ್ನು ಬರೆಯಿಸಿದಳು. ಅದೇ ಹಾವಾಡಿಗಿತ್ತಿಯ ಚಿತ್ರ. ಹುಣ್ಣಿಮೆಯ ನದಿ, ಒಂದು ಮಗ್ಗುಲಿಗೆ ಒತ್ತೊತ್ತಾದ ಎಲೆಗಳ ಗೋಡೆ, ಅದರ ಮುಂದೆ ಬರಿಯ ನೆರಳಾಗಿ ನಿಂತ ಒಂದು ಕಪ್ಪು ಆಕೃತಿ, ಆಕೃತಿಯಲ್ಲಿ ಹೊಳೆಯುವುದು ಎರಡೇ ಕಣ್ಣು. ಕೊಳಲಿನ ನಾದಕ್ಕೆ ಹಾವುಗಳು ಮರದಿಂದ ಇಳಿದು ಬರುತ್ತಿವೆ.

ಇದನ್ನು ನೋಡಿದಾಗ ಶಿರಾಳೆಯ ನೆನಪಾಗದ ಸಾಂಗಲಿ ಜಿಲ್ಲೆಯವನಿದ್ದಾನೆಯೆ? ನಾಗರಪಂಚಮಿಗೆ ಹೊಲಗಳಿಂದ ಜೀವಂತ ನಾಗರಗಳನ್ನು ಹಿಡಿದು, ಮಣ್ಣಿನ ಗಡಿಗೆಗಳಲ್ಲಿ ಜೋಪಾನಮಾಡಿ, ಮನೆಮನೆಯ ಹೆಂಗಸರು ಪೂಜಿಸಿ, ಮೆರವಣಿಗೆ ಮಾಡಿ, ಮತ್ತೆ ಬಿಟ್ಟುಬರುತ್ತಿದ್ದ ಬತ್ತೀಸ ಶಿರಾಳೆ. ಆ ಪದ್ಧತಿಯನ್ನು ಗೋರಖನಾಥರು ಹಾಕಿಕೊಟ್ಟರೆಂದು ಊರವರ ಶ್ರದ್ಧೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಆಮೇಲಿನ ನ್ಯಾಯಾಲಯದ ಆದೇಶಗಳೂ ಅದಕ್ಕೆ ಕಡಿವಾಣ ಹಾಕಿದುವು. ಊರವರು ಅದನ್ನು ಸುಲಭವಾಗಿ ಒಪ್ಪಲೂ ಇಲ್ಲ. ಹಾವಿನ ಹಿತ ಹಾವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ವಾದದಲ್ಲಿ ನಾನು ತಲೆಹಾಕುವುದಿಲ್ಲ. ಹೇಳಬೇಕಾದುದು ಇನ್ನೊಂದು: ಅದೇ ಶಿರಾಳ ತಾಲೂಕಿನಲ್ಲಿ ಚಾಂದೋಳಿಯ ಅರಣ್ಯವಿದೆ, ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದ ಭಾಗವದು. ಮಳೆಗಾಲದಲ್ಲಿ ಅಲ್ಲಿ ಬೀಳುವ ಓರೆಮಳೆಯು ಬೆಳ್ಳಿಬೂದು ಬಣ್ಣದ್ದೇ. ನಮಗೆ ಕಾಡು ಕೈಗೆಟಕುವಷ್ಟು ಸಮೀಪವಿದೆ, ನಾಗರವೂ ಇದೆ, ಜಕಾತಿ ನಾಕೆಯೂ ಇತ್ತು. ನಾಕೆಯ ಗುಮಾಸ್ತರಲ್ಲಿ ಯಾರಾದರೂ ಭಾನುವಾರಗಳಲ್ಲಿ ಬಣ್ಣದ ಪೆಟ್ಟಿಗೆ ತೆರೆದಿದ್ದರೋ ಎಂದು ನಾವು ಒಮ್ಮೆಯಾದರೂ ವಿಚಾರಿಸಲಿಲ್ಲ. ಅತ್ತ ಫ್ರಾನ್ಸಿನಲ್ಲಿ, ಹಿಂದೂಸ್ಥಾನವನ್ನು ಕಾಣದವನು ಬರೆದ ಆ ಹಾವಾಡಿಗಿತ್ತಿಯು, ಮುಂದೆ ಅದನ್ನು ಕೊಂಡ ಧನಿಕನ ಮರಣಶಾಸನದ ಮೂಲಕ ಲೂವ್ರ್ ಸಂಗ್ರಹಾಲಯವನ್ನು ಸೇರಿತು. ಇಂದು ಅದು ಓರ್ಸೆ ಸಂಗ್ರಹಾಲಯದಲ್ಲಿದೆ.

ಆ ಚಿತ್ರವನ್ನು ಬರೆದ ವರ್ಷದ ಕೊನೆಗೆ ಚಿತ್ರಕಾರನು ಸೆರೆಮನೆಯಲ್ಲಿದ್ದನು. ಪರಿಚಯದ ಬ್ಯಾಂಕ್ ಗುಮಾಸ್ತನೊಬ್ಬನು ಸುಳ್ಳು ಹೆಸರಿನಲ್ಲಿ ಖಾತೆ ತೆರೆಯಿಸಿ ಹಣ ಎತ್ತಲು ಇವನನ್ನು ಉಪಯೋಗಿಸಿಕೊಂಡಿದ್ದನು. ವಿಚಾರಣೆಯಲ್ಲಿ ವಕೀಲನು ಹೂಡಿದ ಉಪಾಯವು ಅಪೂರ್ವವಾದುದು: ರೂಸೋವಿನ ಚಿತ್ರವನ್ನೇ ನ್ಯಾಯಾಲಯದಲ್ಲಿ ತೋರಿಸಿ, ಇಂಥದನ್ನು ಬರೆದವನಿಗೆ ವಂಚನೆ ಮಾಡುವಷ್ಟು ಬುದ್ಧಿ ಇದ್ದೀತೆ ಎಂದು ಕೇಳಿದನು. ಸಭೆಯೆಲ್ಲ ನಕ್ಕಿತು. ಶಿಕ್ಷೆಯು ವಿಧಿಸಲ್ಪಟ್ಟರೂ ಅಮಾನತಿನಲ್ಲಿ ಉಳಿಯಿತು. ಚಿತ್ರಕಲೆಯ ಚರಿತ್ರೆಯಲ್ಲಿ ಒಂದು ಕೃತಿಯು ತನ್ನ ಕರ್ತೃವನ್ನು ಇಷ್ಟು ಅವಮಾನಕರವಾಗಿ ಕಾಪಾಡಿದ ಇನ್ನೊಂದು ನಿದರ್ಶನವು ನನಗೆ ತಿಳಿಯದು. ರೂಸೋ ನ್ಯಾಯಾಧೀಶನಿಗೆ ಕೃತಜ್ಞತೆ ಹೇಳಿ, ತಮ್ಮ ಪತ್ನಿಯವರ ಭಾವಚಿತ್ರವನ್ನು ಬರೆದುಕೊಡುತ್ತೇನೆ ಎಂದನಂತೆ.

ಇನ್ನು ಲವಾಲ್ ಊರಿನ ಮೇಲೆ ನನಗಿರುವ ಸಿಟ್ಟನ್ನು ತೋಡಿಕೊಂಡು ಬಿಡುತ್ತೇನೆ. 1897ರಲ್ಲಿ ರೂಸೋ ಮರುಭೂಮಿಯಲ್ಲಿ ಮಲಗಿದ ಅಲೆಮಾರಿ ಹೆಂಗಸೊಬ್ಬಳನ್ನೂ, ಆಕೆಯನ್ನು ಮೂಸಿಯೂ ಮುಟ್ಟದ ಸಿಂಹವನ್ನೂ ಬರೆದನು. ಮರುವರ್ಷ ಹುಟ್ಟೂರಿನ ನಗರಾಧ್ಯಕ್ಷನಿಗೆ ಪತ್ರ ಬರೆದು, ಎರಡು ಸಾವಿರ ಫ್ರಾಂಕಿನೊಳಗೆ ಕೊಡುತ್ತೇನೆ, ಊರಿನಲ್ಲಿ ನನ್ನ ನೆನಪೊಂದು ಉಳಿಯಲಿ ಎಂದು ಬೇಡಿಕೊಂಡನು. ಊರು ಬೇಡವೆಂದಿತು. ಚಿತ್ರವು ಎಲ್ಲಿಯೋ ಕಣ್ಮರೆಯಾಗಿ, 1924ರಲ್ಲಿ ಮತ್ತೆ ಸಿಕ್ಕಿ, ಕಡೆಗೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋಯಿತು. ಇಂದು ಅದಕ್ಕೆ ಬೆಲೆ ಕಟ್ಟುವವರಿಲ್ಲ. 1910ರಲ್ಲಿ ಕಾಲಿನ ಹುಣ್ಣು ಕೊಳೆತು ಆಸ್ಪತ್ರೆಯಲ್ಲಿ ಸತ್ತ ರೂಸೋವನ್ನು ಬಡವರ ಗುಂಡಿಯಲ್ಲಿ ಹೂಳಿದರು. ಶವದ ಹಿಂದೆ ನಡೆದವರು ಬೆರಳೆಣಿಕೆಯ ಮಂದಿ. ಮುಂದೆ ಬ್ರಾಂಕುಸಿಯಂಥ ಶಿಲ್ಪಿಯು ಆತನ ಗೋರಿಯ ಕಲ್ಲಿನಲ್ಲಿ ಅಪೊಲಿನೇರನ ಸಾಲುಗಳನ್ನು ಕೆತ್ತಿದನು. ಖ್ಯಾತಿಯು ಜಗತ್ತನ್ನೆಲ್ಲ ಸುತ್ತಿದ ಮೇಲೆ, 1947ರಲ್ಲಿ ಲವಾಲ್ ಎಚ್ಚತ್ತುಕೊಂಡು, ಆತನ ಅಸ್ಥಿಗಳನ್ನು ಊರಿಗೆ ತರಿಸಿಕೊಂಡಿತು. ಅಸ್ಥಿಗಳಿಗೆ ಊರಿನವರು ಸುಂಕ ಕೊಡಬೇಕಾಗಿ ಬಂದಿರಲಾರದು. ಬಂದಿದ್ದರೆ ಎರಡು ಸಾವಿರ ಫ್ರಾಂಕು ವಿಧಿಸಬೇಕಾಗಿತ್ತು.