ತಿದಿಯಿಲ್ಲದ ಪೇಟಿ, ಕಮಾನಿಲ್ಲದ ಪಿಟೀಲು

ಪಿಟೀಲನ್ನು ಮುಟ್ಟದೆ ಪಿಟೀಲಿನ ನಾದವನ್ನು ಹೊರಡಿಸುವ ವಿದ್ಯೆಯೊಂದು ಈಗ ನಮ್ಮ ಸಣ್ಣ ಊರುಗಳಿಗೂ ಬಂದಿದೆ. ಒಂದು ಕಂಪ್ಯೂಟರು, ಅದಕ್ಕೆ ಜೋಡಿಸಿದ ಕೀಲಿಮಣೆ, ಕಿವಿಗೆ ಒಂದು ಹೆಡ್‌ಫೋನು, ಇಷ್ಟಿದ್ದರೆ ಖಾನಾಪುರದ ಹಂಚಿನ ಮನೆಯೊಂದರ ಅಟ್ಟದ ಮೇಲೆ ಕುಳಿತ ತರುಣ ಹದಿನಾರು ಪಿಟೀಲು, ಹತ್ತು ಚೆಲ್ಲೊಗಳ ವೃಂದವನ್ನು ನುಡಿಸಬಲ್ಲ. ನುಡಿಸಬಲ್ಲ ಎಂದೆ, ಆ ನಾದ ನಂಬುವಂತೆ ಕೇಳಿಸೀತೆ ಎಂಬುದು ಬೇರೆಯ ಪ್ರಶ್ನೆ. ಈ ಹೊತ್ತು ನಾನು ಆಡಬೇಕೆಂದಿರುವ ಮಾತು ಆ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ಸಂಗೀತಶಾಸ್ತ್ರಜ್ಞನಲ್ಲ. ಆದರೆ ಕಾವ್ಯಮೀಮಾಂಸೆಯನ್ನು ಕಲಿಸಿದವನಿಗೆ ಅನುಕರಣೆಯ ಸಮಸ್ಯೆ ಅಪರಿಚಿತವಲ್ಲ. ರಸಸೂತ್ರಕ್ಕೆ ವ್ಯಾಖ್ಯಾನ ಹೇಳುತ್ತ ಶ್ರೀಶಂಕುಕನು ಚಿತ್ರತುರಗದ ದೃಷ್ಟಾಂತವನ್ನು ಕೊಟ್ಟನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ನಾವು ‘ಕುದುರೆ’ ಎನ್ನುತ್ತೇವೆ. ಆ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ. ಅಭಿನವಗುಪ್ತನ ಗುರುವಾದ ಭಟ್ಟತೌತನಿಗೆ ಈ ವಾದ ಒಪ್ಪಿಗೆಯಾಗಲಿಲ್ಲ. ಆ ಚರ್ಚೆ ಅಲ್ಲಿರಲಿ. ನನ್ನ ಅಕ್ಕನ ಮಗ ತನ್ನ ಅಟ್ಟದಲ್ಲಿ ಬರೆಯುತ್ತಿದ್ದ ಕುದುರೆಗೆ ಮೊದಮೊದಲು ಕಾಲೇ ನೆಟ್ಟಗಿರಲಿಲ್ಲ.

ಬೆಳಗಾವಿಯ ಹವ್ಯಾಸಿ ತಂಡವೊಂದು ಹಲಸಿಯ ಕದಂಬರನ್ನು ಕುರಿತು ನಾಟಕ ಆಡುವುದಿತ್ತು. ಹಲಸಿ ಖಾನಾಪುರ ತಾಲೂಕಿನದೇ ಊರಾದ್ದರಿಂದ ಹಿನ್ನೆಲೆ ಸಂಗೀತದ ಹೊಣೆ ಖಾನಾಪುರದ ಈ ಹುಡುಗನ ಪಾಲಿಗೆ ಬಂತು. ಕದಂಬರ ಕಾಲದಲ್ಲಿ ಪಿಟೀಲು ಎಲ್ಲಿತ್ತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ವಿದ್ಯುದ್ದೀಪ ಎಲ್ಲಿತ್ತು ಎಂದು ಅವನು ಕೇಳುತ್ತಿದ್ದ. ಮಾಡಿದ್ದನ್ನು ಕೇಳಿಸಿ, “ಮಾಮಾ, ಪಿಟೀಲು ಖರೇ ಅನಸ್ತಾವೇನು?” ಎಂದ. “ಪಿಟೀಲು ಖರೇ ಅದಾವಪಾ, ಬಾರಸಾವ್ರು ಸುಳ್ಳು ಅನಸ್ತಾರ” ಎಂದೆ.

ಈ ಮಾತಿಗೆ ವಿವರಣೆ ಬೇಕು. ಸ್ಯಾಂಪಲ್ ಎಂದು ಕರೆಯುವ ಈ ನಾದಗಳು ಯಂತ್ರ ಹುಟ್ಟಿಸಿದವಲ್ಲ. ನಿಜವಾದ ವಾದಕರನ್ನು ಕೂಡಿಸಿ, ಅವರಿಂದ ಒಂದೊಂದೇ ಸ್ವರವನ್ನು ನುಡಿಸಿ ಧ್ವನಿಮುದ್ರಿಸಿಕೊಂಡವು. ಕೀಲಿಯನ್ನು ಒತ್ತಿದರೆ ಮುದ್ರಿತ ಸ್ವರ ಹೊರಡುತ್ತದೆ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಟೇಪಿನ ತುಂಡು ಇರುತ್ತಿತ್ತು. ಸುಮಾರು ಎಂಟು ಸೆಕೆಂಡು ನುಡಿದು ಮುಗಿಯುತ್ತಿತ್ತು. ಅಷ್ಟಕ್ಕೇ ಅಲ್ಲಿನ ವಾದಕರ ಸಂಘದವರು ತಮ್ಮ ಅನ್ನಕ್ಕೆ ಸಂಚಕಾರ ಬಂತೆಂದು ಆಕ್ಷೇಪಿಸಿದರು. ಟೇಪಿನ ಕಾಲ ಕಳೆದು ಗಣಕದ ಕಾಲ ಬಂತು. ಸ್ವರವೊಂದನ್ನು ಮೆಲುವಾಗಿ, ನಡುದನಿಯಲ್ಲಿ, ಗಟ್ಟಿಯಾಗಿ, ಕಮಾನು ಎಳೆದು, ಕಮಾನು ನೂಕಿ ಬೇರೆಬೇರೆಯಾಗಿ ಮುದ್ರಿಸುವ ಪದ್ಧತಿ ಬೆಳೆಯಿತು. ಸ್ವತಃ ಚೆಲ್ಲೊ ವಾದಕನಾಗಿದ್ದ ಒಬ್ಬಾತ 2000ದ ಹೊತ್ತಿಗೆ ವಿಯೆನ್ನಾದಲ್ಲಿ ಆರಂಭಿಸಿದ ಸಂಸ್ಥೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಸ್ವರಗಳನ್ನಷ್ಟೇ ಅಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ನಡುವಿನ ಆ ಚಿಕ್ಕ ಜಾರುವಿಕೆಯನ್ನೂ ಮುದ್ರಿಸಿದರು. ಸಂಗೀತವಿರುವುದು ಆ ನಡುವೆಯೇ ಅಲ್ಲವೆ?

ಇಷ್ಟಾದರೂ ನುಡಿಸುವವನು ಅದನ್ನು ಕೆಡಿಸಬಲ್ಲ. ಹದಿನಾರು ಪಿಟೀಲುಗಳು ಕೂಡಿ ನುಡಿಸಿದ ಸ್ವರಗಳ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಕೇಳುವವನ ಕಿವಿಗೆ ನಲವತ್ತೆಂಟು ಪಿಟೀಲುಗಳು ಬಂದು ಕೂಡುತ್ತವೆ. ಅಷ್ಟು ಮಂದಿ ಯಾವ ವೃಂದದಲ್ಲಿದ್ದಾರು? ಸ್ವರವನ್ನು ಗಡಿಯಾರದ ಮುಳ್ಳಿಗೆ ಸರಿಯಾಗಿ ಕೂಡಿಸಿದರೆ ಕವಾಯತಿನ ಸಿಪಾಯಿಗಳು ಹೆಜ್ಜೆ ಹಾಕಿದಂತಾಗುತ್ತದೆ. ಹದಿನಾರು ಜನ ಎಷ್ಟೇ ಪಳಗಿದವರಾಗಲಿ, ಕೂದಲೆಳೆಯಷ್ಟು ಹಿಂದುಮುಂದಾಗಿಯೇ ನುಡಿಸುತ್ತಾರೆ. ಒಂದೇ ಮುದ್ರಿತ ಸ್ವರವನ್ನು ನಾಲ್ಕು ಸಲ ಬೆನ್ನುಬೆನ್ನಿಗೆ ಹೊರಡಿಸಿದರೆ ಕಿವಿ ಕೂಡಲೆ ಮೋಸವನ್ನು ಹಿಡಿಯುತ್ತದೆ. ಮೆಲುದನಿಯನ್ನು ಸುಮ್ಮನೆ ದೊಡ್ಡದು ಮಾಡಿದರೆ ಅದು ಗಟ್ಟಿದನಿಯೂ ಆಗದು, ಏಕೆಂದರೆ ಕಮಾನನ್ನು ಒತ್ತಿ ಎಳೆದಾಗ ನಾದದ ಬಣ್ಣವೇ ಬದಲಾಗುತ್ತದೆ. ಎಲ್ಲಕ್ಕೂ ಮಿಗಿಲಾದದ್ದು, ಹಿಡಿದ ಸ್ವರ ಸತ್ತಂತೆ ನಿಲ್ಲುವುದು. ನಮ್ಮ ಹುಡುಗನ ಸ್ವರಗಳು ಹಾಗೆಯೇ ನಿಂತಿದ್ದವು.

ಕೀಲಿಗಳ ವಾದ್ಯವೊಂದರ ಮೇಲೆ ಈ ದೂರು ನಮ್ಮ ನಾಡಿನಲ್ಲಿ ಹಿಂದೆಯೂ ಬಂದಿತ್ತು. ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ಪೇಟಿ, ಹಾಡುವ ಕಂಠವನ್ನು ಅನುಸರಿಸಲಾರದು. ಅದರಲ್ಲಿ ಮೀಂಡ್ ಇಲ್ಲ, ಶ್ರುತಿಗಳ ಸೂಕ್ಷ್ಮವಿಲ್ಲ, ಹನ್ನೆರಡು ಸ್ವರಗಳು ಗೂಟಕ್ಕೆ ಕಟ್ಟಿದ ದನಗಳಂತೆ ನಿಂತಲ್ಲೇ ನಿಂತಿರುತ್ತವೆ ಎಂಬುದು ಆ ಆಕ್ಷೇಪದ ಸಾರ. ದಿಲ್ಲಿಯ ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ 1938ರಲ್ಲಿ ಪೇಟಿಯ ವಿರುದ್ಧ ಲೇಖನ ಬರೆದರು. ರವೀಂದ್ರನಾಥ ಠಾಕೂರರೂ ಅದೇ ಪಕ್ಷದವರು. 1940ರಲ್ಲಿ ಬಾನುಲಿ ಪೇಟಿಗೆ ನಿಷೇಧ ಹಾಕಿತು. ಅದು ಭಾಗಶಃ ಸಡಿಲವಾದದ್ದು 1971ರಲ್ಲಿ. ಇಂದು ಬಾನುಲಿಯಲ್ಲೇ ಕುಳಿತು ಇದನ್ನು ಹೇಳುತ್ತಿರುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ಆಕ್ಷೇಪದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ವಾದ್ಯವನ್ನು ನೋಡಿತು, ವಾದಕನನ್ನು ನೋಡಲಿಲ್ಲ. ಅದೇ ಮೂವತ್ತು ವರ್ಷಗಳಲ್ಲಿ ಬೆಳಗಾವಿಯಲ್ಲಿ ಪಂಡಿತ ರಾಮಭಾವು ವಿಜಾಪುರೆ (1917–2010) ಪೇಟಿಯನ್ನು ನುಡಿಸುತ್ತಿದ್ದರು, ಕಲಿಸುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರಂಥವರಿಗೆ ಸಾಥಿ ನೀಡಿದವರು. ಅವರು ಪೇಟಿಯ ಜೊತೆಗೆ ಹಾಡುಗಾರಿಕೆಯನ್ನೂ ಗುರುಮುಖದಿಂದ ಕಲಿತವರೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಕಂಠದಲ್ಲಿ ರಾಗ ಹೇಗೆ ಸಾಗುತ್ತದೆಂದು ಬಲ್ಲವನ ಬೆರಳು ಒಂದು ಪಟ್ಟಿಯನ್ನು ಪೂರ್ತಿ ಬಿಡುವ ಮೊದಲೇ ಮುಂದಿನದನ್ನು ಸವರುತ್ತದೆ, ಮುಖ್ಯಸ್ವರಕ್ಕೆ ಮೊದಲು ಪಕ್ಕದ ಸ್ವರವನ್ನು ಕಣದಷ್ಟು ಮುಟ್ಟುತ್ತದೆ. ಎಡಗೈ ತಿದಿಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಬಿರುಸಾಗಿ ಒತ್ತಿ ಉಸಿರು ಕೊಡುತ್ತದೆ. ಮೀಂಡ್ ಇಲ್ಲದ ವಾದ್ಯದಲ್ಲಿ ಮೀಂಡ್ ಕೇಳಿದಂತಾಗುತ್ತದೆ. ಚಿತ್ರದ ಕುದುರೆ ಓಡುತ್ತದೆ.

ಖಾನಾಪುರದಲ್ಲಿ ವಯಸ್ಸಾದ ಪೇಟಿ ಮಾಸ್ತರರೊಬ್ಬರಿದ್ದಾರೆ. ಅವರನ್ನು ಒಂದು ಮಧ್ಯಾಹ್ನ ಆ ಅಟ್ಟಕ್ಕೆ ಹತ್ತಿಸಿದೆವು. ಅವರು ಕೀಲಿಮಣೆಯನ್ನು ಸುತ್ತಲೂ ನೋಡಿ ಕೇಳಿದ ಮೊದಲ ಪ್ರಶ್ನೆ, “ಇದರ ತಿದಿ ಎಲ್ಲೈತಿ?” ಎಂಬುದು. ಹುಡುಗ ಎಡಬದಿಯ ಚಿಕ್ಕ ಚಕ್ರವನ್ನು ತೋರಿಸಿದ. ಕೀಲಿಮಣೆಗಳೂ ಗಣಕಗಳೂ ಪರಸ್ಪರ ಮಾತಾಡಿಕೊಳ್ಳುವುದಕ್ಕೆ 1983ರಲ್ಲಿ ರೂಪುಗೊಂಡ ಮಿಡಿ ಎಂಬ ಸಂಕೇತಭಾಷೆಯಲ್ಲಿ ಆ ಚಕ್ರಕ್ಕೆ ಸೊನ್ನೆಯಿಂದ 127ರವರೆಗೆ ಮೆಟ್ಟಿಲುಗಳುಂಟು. ಅದನ್ನು ತಿರುಗಿಸಿದಂತೆ ಮೆಲುವಾಗಿ ಮುದ್ರಿಸಿದ ಸ್ವರ ಮರೆಯಾಗಿ ಗಟ್ಟಿಯಾಗಿ ಮುದ್ರಿಸಿದ್ದು ಮುಂದೆ ಬರುತ್ತದೆ. ಹುಡುಗ ಅದನ್ನು ಬಲ್ಲ, ಆದರೆ ಮೊದಲು ಸ್ವರಗಳನ್ನು ನುಡಿಸಿ, ಆಮೇಲೆ ಪರದೆಯ ಮೇಲೆ ಇಲಿಯ ಬಾಲದಂಥ ಗೆರೆ ಎಳೆದು ಏರಿಳಿತವನ್ನು ಕೂಡಿಸುತ್ತಿದ್ದ. ಮಾಸ್ತರರಿಗೆ ಈ ವಿಂಗಡಣೆ ಅರ್ಥವೇ ಆಗಲಿಲ್ಲ. ಉಸಿರು ಬೇರೆ, ಹಾಡು ಬೇರೆ ಹೇಗಾದೀತು? ಅವರ ಎಡಗೈ ಚಕ್ರದ ಮೇಲೆ ಕೂತಿತು, ಬಲಗೈ ಪಟ್ಟಿಗಳ ಮೇಲೆ. ಒಂದು ಯಮನ್ ಎತ್ತಿಕೊಂಡರು. ಸ್ವರ ಹುಟ್ಟಿತು, ತುಂಬಿತು, ತಗ್ಗಿತು. ಅಟ್ಟದಲ್ಲಿದ್ದ ನಮಗೆ ಮಾತು ನಿಂತಿತು.

ಆದರೆ ಕೇಳಿದ್ದು ಪಿಟೀಲಿನ ಬಣ್ಣದ ಪೇಟಿ. ಇದನ್ನು ತಿಳಿಸಿದವರು ಬೆಳಗಾವಿಯಿಂದ ಕರೆಸಿದ ಪಿಟೀಲು ವಾದಕರೊಬ್ಬರು. ಕಮಾನಿಗೆ ಉದ್ದ ಇಷ್ಟೇ ಎಂಬುದನ್ನು ಅವರು ಹುಡುಗನ ಮುಂದೆ ಎಳೆದು ತೋರಿಸಿದರು. “ನೀ ಹಿಡದ ಸ್ವರಕ್ಕ ನನ್ನ ಕಮಾನು ಯಾವಾಗೋ ಮುಗೀತಪಾ” ಎಂದರು. ಎಲ್ಲಿ ಕಮಾನು ಹೊರಳಬೇಕು, ಯಾವ ಸ್ವರಗಳು ಒಂದೇ ಎಳೆತದಲ್ಲಿ ಬರಬೇಕು, ಎಲ್ಲಿ ಬೆರಳು ನಡುಗದೆ ಸುಮ್ಮನಿರಬೇಕು ಎಂದು ಗೆರೆ ಹಾಕಿ ಕೊಟ್ಟರು. ನಿಧಾನವಾಗಿ ತೆರೆದುಕೊಳ್ಳುವ ಸ್ವರಗಳನ್ನು ತಾಳಕ್ಕಿಂತ ತುಸು ಮೊದಲೇ ಹೊರಡಿಸದಿದ್ದರೆ ಅವು ತಡವಾಗಿ ಬಂದಂತೆ ಕೇಳುತ್ತವೆಂಬುದನ್ನು ಹುಡುಗನೇ ಕಂಡುಕೊಂಡ. ಹದಿನೈದು ದಿನ ಇದೇ ಕೆಲಸ. ಹೊಸ ಸ್ಯಾಂಪಲ್ ಒಂದನ್ನೂ ಕೊಳ್ಳಲಿಲ್ಲ.

ಕೊನೆಗೆ ಆ ವಾದಕರ ಒಂದೇ ಒಂದು ನಿಜವಾದ ಪಿಟೀಲನ್ನು ಯಂತ್ರದ ಹದಿನಾರರ ಮೇಲೆ ಕೂಡಿಸುವುದೆಂದಾಯಿತು. ಈ ಉಪಾಯ ವೃತ್ತಿಪರರಲ್ಲಿ ಬಳಕೆಯಲ್ಲಿರುವಂಥದೇ. ಅದು ಆಷಾಢ. ಖಾನಾಪುರದ ಮಳೆ ಹಂಚಿನ ಮೇಲೆ ಬೀಳುತ್ತಿರುವಾಗ ಅಲ್ಲಿ ಧ್ವನಿಮುದ್ರಣದ ಮಾತೇ ಇಲ್ಲ. ಬೆಳಗಾವಿಯ ಕೋಣೆಯೊಂದರ ಗೋಡೆಗಳಿಗೆ ಕೌದಿ ತೂಗುಹಾಕಿ ರಾತ್ರಿಯಲ್ಲಿ ಮುದ್ರಿಸಿಕೊಂಡರು. ಆ ಒಂದು ಕಮಾನಿನ ಉಜ್ಜುವಿಕೆ, ಬೆರಳಿನ ಚಿಕ್ಕ ತಡವರಿಕೆ ಸೇರಿದೊಡನೆ ಉಳಿದ ಹದಿನಾರೂ ಜೀವಂತವಾದವು. ಒಬ್ಬನಿದ್ದಾನೆಂದು ತಿಳಿದರೆ ಕಿವಿ ಎಲ್ಲರೂ ಇದ್ದಾರೆಂದು ನಂಬಿಬಿಡುತ್ತದೆ.

ನನಗೆ ಆಗ ನೆನಪಾದದ್ದು ನಮ್ಮ ರೈಲುದಾರಿ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗುವ ತನಕ ಗೋವೆಯಿಂದ ಮುಂಬಯಿಗೆ ರೈಲಿನಲ್ಲಿ ಹೋಗಬೇಕಾದವರು ಲೋಂಡಾ, ಖಾನಾಪುರ, ಬೆಳಗಾವಿಗಳನ್ನು ಹಾದೇ ಹೋಗಬೇಕಿತ್ತು. ಹಿಂದೀ ಚಿತ್ರಗೀತೆಗಳ ಹಿಂದಿನ ಆ ದೊಡ್ಡ ಪಿಟೀಲು ವೃಂದಗಳಲ್ಲಿ ಕುಳಿತವರಲ್ಲಿ ಬಹಳ ಮಂದಿ ಗೋವೆಯವರು, ಇಗರ್ಜಿಯ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತವರು. ಮಜೋರ್ಡಾದ ಆಂಥೊನಿ ಗೊನ್ಸಾಲ್ವೆಸ್ (1927–2012) ಅವರಲ್ಲೊಬ್ಬರು. ಪ್ಯಾರೇಲಾಲರಿಗೆ ಪಿಟೀಲು ಕಲಿಸಿದವರು. 1977ರ ‘ಅಮರ್ ಅಕ್ಬರ್ ಆಂಥೊನಿ’ ಚಿತ್ರದ ಹಾಡಿನಲ್ಲಿ ಶಿಷ್ಯ ಗುರುವಿನ ಹೆಸರನ್ನು ಉಳಿಸಿದ. ಉಳಿದ ನೂರಾರು ಜನರ ಹೆಸರು ರೆಕಾರ್ಡಿನ ಮೇಲೆ ಬರಲೇ ಇಲ್ಲ. ಯಂತ್ರ ಬಂದ ಮೇಲೆ ಅವರಿಗೆ ಕರೆಯೂ ಬರಲಿಲ್ಲ.

ಆದ್ದರಿಂದ ಪ್ರೇಕ್ಷಕನಿಗೆ ಮೋಸವಾಯಿತೆ ಎಂಬ ಚಿಂತೆ ನನಗಿಲ್ಲ; ರಂಗದ ಮೇಲಿನ ಅರಮನೆ ಬಟ್ಟೆಯದೆಂದು ಬಲ್ಲವನು ಅವನು. ನನ್ನ ತಕರಾರು ಇದ್ದದ್ದು ನಾಟಕದ ಕರಪತ್ರದ ಬಗೆಗೆ. ಅದರ ಕರಡಿನಲ್ಲಿ ‘ಸಂಗೀತ’ ಎಂದು ನಮ್ಮ ಹುಡುಗನ ಹೆಸರೊಂದೇ ಇತ್ತು. ಹದಿನಾರು ಮಂದಿಯ ನಾದವನ್ನು ನಿಜಮಾಡಿದವನಿಗೆ ಒಬ್ಬನ ಸಂಭಾವನೆ ಕೊಡುವುದು ಹೇಗೂ ತಪ್ಪಲಿಲ್ಲ, ಹೆಸರಾದರೂ ಇರಲಿ ಎಂದೆ. ತಂಡದವರು ಜಾಗವಿಲ್ಲವೆಂದರು. ಹುಡುಗ ತನ್ನ ಹೆಸರಿನ ಅಕ್ಷರವನ್ನು ಒಂದು ಅಳತೆ ಚಿಕ್ಕದು ಮಾಡಿಸಿದ. ಆ ತೆರವಿನಲ್ಲಿ ಎರಡು ಸಾಲು ಹಿಡಿಸಿದವು: ಪಿಟೀಲು ವಾದಕರದೊಂದು, ಪೇಟಿ ಮಾಸ್ತರರದೊಂದು.